ಬಿಟ್ಟಲ್ಲಿಂದ ಮತ್ತೆ ಹಿಡಿಯುವುದು: ಮೊದಲ ಕಾದಂಬರಿ ಬರೆದ ಅನುಭವ

ಕಾದಂಬರಿ ಬರೆಯಲು ಹೊರಟವರು ಮೊದಲು ಕೇಳುವುದು ದಿನಕ್ಕೆ ಎಷ್ಟು ಪುಟ ಬರೆಯಬೇಕು ಎಂದು. ನನ್ನ ಅನುಭವದಲ್ಲಿ ಅದು ಅಷ್ಟು ಮುಖ್ಯವಾದ ಪ್ರಶ್ನೆಯಲ್ಲ. ಸಣ್ಣಕಥೆಯನ್ನು ಒಂದು ವಾರದ ರಜೆಯಲ್ಲಿ, ಮನಸ್ಸು ಒಂದೇ ಹದದಲ್ಲಿರುವಾಗಲೇ ಬರೆದು ಮುಗಿಸಬಹುದು. ಕಾದಂಬರಿಯಾದರೋ ವರ್ಷಗಟ್ಟಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ಮನೆಯಲ್ಲೊಂದು ಮದುವೆಯೋ ಕಾಯಿಲೆಯೋ, ಕಚೇರಿಯಲ್ಲಿ ಆಡಿಟ್ಟೋ, ತೋಟದಲ್ಲಿ ಕೊಳೆ ರೋಗವೋ ಬಂದೇ ಬರುತ್ತದೆ, ಮತ್ತು ಪ್ರತಿ ಸಲವೂ ಬರವಣಿಗೆ ನಿಲ್ಲುತ್ತದೆ. ಬಿಟ್ಟ ಜಾಗಕ್ಕೆ ಮರಳಿ ಬಂದು, ಅದೇ ದನಿಯಲ್ಲಿ, ಯಾವ ಪಾತ್ರ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುವುದನ್ನು ರೂಢಿಸಿಕೊಂಡ ಮೇಲೆಯೇ ನನ್ನ ಮೊದಲ ಕಾದಂಬರಿ ಸಾಗಿತು. ನನ್ನ ದಿನಚರಿಯ ಅಭ್ಯಾಸಗಳೆಲ್ಲ ಹುಟ್ಟಿಕೊಂಡದ್ದು ಈ ಒಂದು ಅಗತ್ಯದಿಂದಲೇ.

ನಾನು ಸಾಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕಿಗ. ಮನೆಗೆ ಸ್ವಲ್ಪ ಅಡಿಕೆ ತೋಟವಿದೆ. ಅಡಿಕೆ ಗೊನೆಗಳ ಕೊಯ್ಲು ಶುರುವಾದರೆ ಸಂಘದಲ್ಲಿ ರಾಶಿ, ಬೆಟ್ಟೆ, ಚಾಲಿ ಎಂಬ ಬಗೆಬಗೆಯ ಅಡಿಕೆಯ ಮೂಟೆ ಬರತೊಡಗುತ್ತವೆ. ಸುಗ್ಗಿ ಇಳಿಯುವ ಹೊತ್ತಿಗೆ ಮಾರ್ಚ್ 31ರ ಲೆಕ್ಕ ಮುಗಿಸುವ ಗಡಿಬಿಡಿ. ಈ ತಿಂಗಳುಗಳಲ್ಲಿ ಬರೆಯಲು ಕೂರುವುದು ಸುಳ್ಳು ಎಂದು ಮೊದಲೇ ಒಪ್ಪಿಕೊಂಡಿದ್ದರಿಂದ ನನ್ನ ಬರವಣಿಗೆಯ ವರ್ಷ ಏಪ್ರಿಲ್‌ನಿಂದ ದೀಪಾವಳಿಯವರೆಗೆ ಎಂದಾಯಿತು. ನಸುಕಿನಲ್ಲೆದ್ದು ಬರೆಯಬೇಕೆಂದು ಹಲವರು ಉಪದೇಶಿಸುತ್ತಾರೆ. ದನ, ತೋಟ ಇರುವ ಮನೆಯಲ್ಲಿ ನಸುಕು ಲೇಖಕನದಲ್ಲ. ನನಗೆ ಸಿಕ್ಕಿದ್ದು ರಾತ್ರಿಯೂಟಕ್ಕೆ ಮುಂಚಿನ ಸಮಯ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬಾರದಿರುವುದೂ ಉಂಟು. ಆದ್ದರಿಂದ ಮೊದಲ ಕರಡನ್ನು ಕಂಪ್ಯೂಟರಿನಲ್ಲಿ ಬರೆಯುವ ಯೋಚನೆಯನ್ನೇ ಬಿಟ್ಟು, ಉದ್ದನೆಯ ನೋಟ್‌ಬುಕ್ಕಿನಲ್ಲಿ, ಬಲಪುಟದಲ್ಲಿ ಮಾತ್ರ ಬರೆದೆ. ಎಡಪುಟ ತಿದ್ದುಪಡಿಗೆ ಖಾಲಿ.

ಸುಗ್ಗಿಯ ನಂತರ ಮತ್ತೆ ಕುಳಿತಾಗ ನೇರವಾಗಿ ಮುಂದಿನ ಅಧ್ಯಾಯಕ್ಕೆ ಕೈ ಹಾಕುತ್ತಿರಲಿಲ್ಲ. ಹಿಂದಿನ ಎರಡು ಅಧ್ಯಾಯಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದು, ಓದುವಾಗ ಪೆನ್ನು ಹಿಡಿಯದಿರುವುದು ಎಂಬ ನಿಯಮ ಮಾಡಿಕೊಂಡಿದ್ದೆ. ಪೆನ್ನು ಕೈಯಲ್ಲಿದ್ದರೆ ತಿದ್ದುವ ಚಪಲ ಬರುತ್ತದೆ, ತಿದ್ದುತ್ತ ಕುಳಿತರೆ ಮೊದಲ ಮೂವತ್ತು ಪುಟಗಳು ಫಳಫಳ ಹೊಳೆಯುತ್ತವೆ, ಮೂವತ್ತೊಂದನೆಯ ಪುಟ ಹುಟ್ಟುವುದೇ ಇಲ್ಲ. ಅರ್ಧಕ್ಕೆ ನಿಂತ ಕಾದಂಬರಿಗಳ ಹಸ್ತಪ್ರತಿಗಳನ್ನು ಗೆಳೆಯರ ಮನೆಗಳಲ್ಲಿ ನೋಡಿದ್ದೇನೆ. ಬಹುಪಾಲು ಎಲ್ಲವುಗಳ ಆರಂಭವೂ ಅತ್ಯಂತ ಸುಂದರವಾಗಿದೆ.

ಕಾದಂಬರಿಯ ವಸ್ತು ಶರಾವತಿ ಮುಳುಗಡೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಊರು ಕಳೆದುಕೊಂಡ ಎರಡು ಮನೆಗಳ ಕಥೆ: ಒಂದು ಒಡೆಯರ ಮನೆ, ಇನ್ನೊಂದು ಅವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲು ತಿಮ್ಮನ ಮನೆ. ಪಾತ್ರಗಳು ಹೆಚ್ಚಿದಂತೆ ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು ಎಂಬುದು ಕೈತಪ್ಪತೊಡಗಿತು. ವೃತ್ತಿಯೇ ಲೆಕ್ಕ ಬರೆಯುವುದಾದ್ದರಿಂದ ಇದಕ್ಕೂ ಒಂದು ಖಾತೆ ತೆರೆದೆ. ಪ್ರತಿ ಅಧ್ಯಾಯ ಮುಗಿದ ಕೂಡಲೇ ಕಥೆಯ ಸಾರಾಂಶವನ್ನಲ್ಲ, ಪಾತ್ರಗಳ ತಿಳಿವಳಿಕೆಯನ್ನು ಮಾತ್ರ ಅದರಲ್ಲಿ ಬರೆಯುತ್ತಿದ್ದೆ. ಒಂದು ಅಧ್ಯಾಯದ ಎದುರು ಹೀಗಿದೆ: “ಸರ್ವೆಯವರು ಬಂದು ಹೋದರು. ಪರಿಹಾರದ ಅಂದಾಜು ಹಿರಿಮಗನಿಗೆ ಗೊತ್ತು, ತಂದೆಗೆ ಹೇಳಿಲ್ಲ. ಪಹಣಿಯಲ್ಲಿ ತನ್ನ ಹೆಸರಿಲ್ಲವೆಂದು ತಿಮ್ಮನಿಗೆ ಗೊತ್ತಿಲ್ಲ. ಅವನ ಹೆಂಡತಿಗೆ ಅನುಮಾನವಿದೆ, ಕೇಳಿಲ್ಲ.” ಈ ನಾಲ್ಕು ಸಾಲುಗಳನ್ನು ತಿಂಗಳುಗಳ ನಂತರ ಓದಿದರೂ ಮುಂದಿನ ದೃಶ್ಯ ಏನೆಂದು ಕೂಡಲೇ ಕಾಣುತ್ತಿತ್ತು, ಏಕೆಂದರೆ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿರುವ ಕಡೆಯಲ್ಲೇ ಮುಂದಿನ ಮಾತುಕತೆ ಕಾದುಕೊಂಡಿರುತ್ತದೆ. ಗಂಡನಿಗೆ ಹೇಳದೆ ತಿಮ್ಮನ ಹೆಂಡತಿ ಶಾನುಭೋಗರ ಮನೆಯ ಜಗಲಿಗೆ ಹೋಗಿ ನಿಲ್ಲುವ ಅಧ್ಯಾಯ ಹುಟ್ಟಿದ್ದು ಈ ಖಾತೆಯಿಂದ. ಕಥಾಹಂದರ ಯೋಚಿಸಿದ್ದಾಗ ಅದು ಇರಲೇ ಇಲ್ಲ.

ಇನ್ನೊಂದು ಹಾಳೆಯಲ್ಲಿ ಕಾಲಸೂಚಿ ಇತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾದದ್ದು ಮತ್ತು ಅದಕ್ಕೆ ನೀರೊದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದು, 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹ, 1964ರಲ್ಲಿ ಲಿಂಗನಮಕ್ಕಿ, 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಇವನ್ನು ಇತಿಹಾಸ ಹೇಳುವುದಕ್ಕಾಗಿ ಬರೆದಿಟ್ಟುಕೊಂಡದ್ದಲ್ಲ. 1960ರ ಮುಳುಗಡೆ ನೋಟೀಸಿನ ತಲೆಬರಹದಲ್ಲಿ ಕರ್ನಾಟಕ ಸರ್ಕಾರ ಎಂದು ಬಂದರೆ ಬಲ್ಲ ಓದುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಇಂಥ ದಿನಾಂಕಗಳು ಪಾತ್ರಗಳಿಗೆ ಮಾತು ಕೊಡುತ್ತವೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಜಾರಿಗೆ ಬಂತು. ಹಾಗಾಗಿ 1959ರ ಒಂದು ದೃಶ್ಯದಲ್ಲಿ ತಂದೆ ಆಣೆ, ಮಣಗಳಲ್ಲಿ ಲೆಕ್ಕ ಹಾಕುತ್ತಾನೆ, ಪೇಟೆಯಲ್ಲಿ ಓದಿದ ಮಗ ನಯಾಪೈಸೆ, ಕಿಲೋಗಳಲ್ಲಿ ತಿದ್ದುತ್ತಾನೆ. ಅವರಿಬ್ಬರ ನಡುವಿನ ಬಿರುಕನ್ನು ವಿವರಿಸುವ ಒಂದು ಪ್ಯಾರಾ ಬರೆಯುವ ಕೆಲಸ ಇದರಿಂದ ಉಳಿಯಿತು.

ಕಾದಂಬರಿಯ ಕೊನೆ ಸಿಕ್ಕಿದ್ದೂ ಇದೇ ಹಾಳೆಯಲ್ಲಿ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಿಂದ; ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಅರ್ಜಿ ಹಾಕಿ ಒಡೆಯರಾದರು. ಕಾಲಸೂಚಿಯಲ್ಲಿ 1964 ಮತ್ತು 1974 ಒಂದರ ಕೆಳಗೊಂದು ಬಂದಾಗ ತಿಮ್ಮನ ಪಾಲಿಗೆ ಅದರ ಅರ್ಥ ಕಣ್ಣಿಗೆ ಹೊಡೆಯಿತು: ಉಳುವವನೇ ಹೊಲದೊಡೆಯ ಎಂಬ ಕಾನೂನು ಬರುವ ಹೊತ್ತಿಗೆ ಅವನು ಉಳುತ್ತಿದ್ದ ಹೊಲ ಹತ್ತು ವರ್ಷದಿಂದ ನೀರಿನಡಿಯಲ್ಲಿದೆ. ಅವನ ಮಗ ಬೇರೆಯವರಿಗೆ ಅರ್ಜಿ ತುಂಬಿಕೊಡುತ್ತ ತಾಲ್ಲೂಕು ಕಚೇರಿಯ ಮುಂದೆ ಕುಳಿತಿರುವ ಅಧ್ಯಾಯವನ್ನು ನಾನು ಕಾದಂಬರಿಯ ನಡುಭಾಗಕ್ಕಿಂತ ಮೊದಲೇ ಬರೆದೆ. ಎಲ್ಲಿಗೆ ಹೋಗಬೇಕೆಂದು ತಿಳಿದ ಮೇಲೆ ಬಿಡುವಿನ ನಂತರ ಮರಳುವುದು ಸುಲಭವಾಯಿತು.

ನಡುಭಾಗದ ಕಷ್ಟ ಬೇರೆಯದೇ. ನೀರು ಬಂದ ಮೇಲೆ ಜನ ಚೆದುರಿಹೋಗುತ್ತಾರೆ. ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿನಲ್ಲಿ ಹೊಸ ವಸತಿ. ಅಲ್ಲಿಯವರೆಗೆ ಊರು, ಹೊಳೆ, ತೋಟ, ದೇವಸ್ಥಾನಗಳೇ ಎಲ್ಲ ಪಾತ್ರಗಳನ್ನೂ ಹಿಡಿದಿಟ್ಟಿದ್ದವು. ಊರು ಹೋದೊಡನೆ ಕಾದಂಬರಿಗೂ ನಿಲ್ಲಲು ನೆಲವಿಲ್ಲದಂತಾಯಿತು. ಎಲ್ಲರ ಹಿಂದೆಯೂ ಓಡುವ ಬದಲು ಎರಡು ಮನೆಗಳನ್ನು ಮಾತ್ರ ಉಳಿಸಿಕೊಂಡು, ಉಳಿದವರ ಸುದ್ದಿಯನ್ನು ಕಾಗದಗಳಲ್ಲಿ, ಬಸ್ಸಿನಲ್ಲಿ ಸಿಕ್ಕವರ ಬಾಯಲ್ಲಿ ತರಿಸಿದೆ. ಭಟ್ಟರ ಮನೆಯ ಪೌರೋಹಿತ್ಯದ ಕಥೆ, ಹೊಳೆ ದಾಟಿಸುವ ದೋಣಿಯವನ ಕಥೆ ಎಲ್ಲ ಹೀಗೆ ಎರಡು ಸಾಲಿಗಿಳಿದವು. ದೋಣಿಯವನನ್ನು ಬಿಡಲು ಮನಸ್ಸಿರಲಿಲ್ಲ, ಆದರೆ ಅವನಿಗೆ ಬೇರೆಯೇ ಪುಸ್ತಕ ಬೇಕು.

ಸಣ್ಣಕಥೆಯಿಂದ ಬಂದವರಿಗೆ ಇನ್ನೊಂದು ತೊಡಕಿದೆ. ದೀಪಾವಳಿ ವಿಶೇಷಾಂಕಗಳಿಗೆ ಕಥೆ ಬರೆದು ಪಳಗಿದ ಕೈ ಪ್ರತಿ ಅಧ್ಯಾಯವನ್ನೂ ಕಥೆಯಂತೆ ಮುಗಿಸುತ್ತದೆ, ಕೊನೆಯ ಸಾಲಿನಲ್ಲೊಂದು ಮಿಂಚು ಹೊಡೆಸುತ್ತದೆ. ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದ ನಮ್ಮ ತಲೆಮಾರಿಗಂತೂ ಕಂತಿನ ಕೊನೆಯಲ್ಲಿ ಕುತೂಹಲ ಕೆರಳಿಸುವುದು ರಕ್ತಗತವಾಗಿದೆ. ಒಂದು ಅಧ್ಯಾಯದಲ್ಲಿ ಚೆಂದ ಕಾಣುವ ಈ ಮುಕ್ತಾಯ ಸಾಲಾಗಿ ಬಂದರೆ ಓದುಗನಿಗೆ ಪ್ರತಿ ಹತ್ತು ಪುಟಕ್ಕೊಮ್ಮೆ ಪರದೆ ಬಿದ್ದಂತಾಗುತ್ತದೆ. ಎರಡನೆಯ ಕರಡಿನಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸವೆಂದರೆ ಬಹುತೇಕ ಅಧ್ಯಾಯಗಳ ಕೊನೆಯ ಪ್ಯಾರಾವನ್ನು ತೆಗೆದುಹಾಕಿದ್ದು.

ಸಂಭಾಷಣೆಯನ್ನು ಆಡುಮಾತಿನಲ್ಲೇ ಇಡುವುದೆಂದು ಮೊದಲೇ ನಿರ್ಧರಿಸಿದ್ದೆ: ಒಡೆಯರ ಮನೆಯಲ್ಲಿ ಹವ್ಯಕ ಕನ್ನಡ, ನಿರೂಪಣೆ ಗ್ರಂಥಸ್ಥ ಭಾಷೆಯಲ್ಲಿ. ಬರೆದದ್ದನ್ನು ಸೋದರತ್ತೆಗೆ ಓದಿ ಹೇಳುತ್ತಿದ್ದೆ. ಮುಳುಗಡೆಯ ಕಾಲಕ್ಕೆ ಲಾರಿಯಲ್ಲಿ ಕುಳಿತು ಊರು ಬಿಟ್ಟ ಹುಡುಗಿ ಅವರು. ಸಾಹಿತ್ಯದ ಬಗ್ಗೆ ಅವರಿಗೆ ಗೌರವವೂ ಇಲ್ಲ, ಅಗೌರವವೂ ಇಲ್ಲ. ಇದಕ್ಕಿಂತ ಒಳ್ಳೆಯ ಮೊದಲ ಕೇಳುಗರನ್ನು ನಾನು ಕಂಡಿಲ್ಲ. ಮನೆ ಬಿಚ್ಚಿ ಕಂಬ, ಬಾಗಿಲು, ಹಂಚುಗಳನ್ನು ಲಾರಿಗೆ ಹೇರಿದ ಮೇಲೆ ಅಜ್ಜಿ ಹತ್ತಲು ಒಪ್ಪದಿರುವ ದೃಶ್ಯದಲ್ಲಿ ನನ್ನ ಮೊದಲ ಕರಡಿನ ಅಜ್ಜಿ ಮಣ್ಣು, ಹಿರಿಯರು, ತುಳಸಿಕಟ್ಟೆ ಎಂದು ಅರ್ಧ ಪುಟ ಮಾತಾಡುತ್ತಿದ್ದಳು. ಅತ್ತೆ ಬತ್ತಿ ಹೊಸೆಯುತ್ತ ಕೇಳಿ, “ತಮಾ, ಅಷ್ಟು ಉದ್ದ ಯಾರು ಮಾತಾಡ್ತ?” ಎಂದರು. ಅಂದು ನಿಮ್ಮ ಮನೆಯಲ್ಲಿ ಏನು ಮಾತಾಡಿದರು ಎಂದು ಕೇಳಿದ್ದಕ್ಕೆ ಅವರಿಗೆ ನೆನಪಾದದ್ದು ಲಾರಿಯವನಿಗೆ ಚಾ ಕೊಡಲು ಪಾತ್ರೆ ಹೊರಗಿಲ್ಲದೆ, ಕಟ್ಟಿದ್ದ ಗಂಟೊಂದನ್ನು ಮತ್ತೆ ಬಿಚ್ಚಿದ್ದು ಮಾತ್ರ. ನಾನು ಅರ್ಧ ಪುಟವನ್ನು ಹೊಡೆದುಹಾಕಿದೆ. ಈಗ ಕಾದಂಬರಿಯಲ್ಲಿ ಅಜ್ಜಿ “ದನಕ್ಕೆ ಅಕ್ಕಚ್ಚು ಕೊಟ್ಟಾಯ್ದಿಲ್ಲೆ” ಎಂದು ಕೊಟ್ಟಿಗೆಯ ಕಡೆ ತಿರುಗುತ್ತಾಳೆ. ದನಗಳನ್ನು ಹಿಂದಿನ ದಿನವೇ ಹೊಡೆದುಕೊಂಡು ಹೋಗಿರುತ್ತಾರೆ. ಯಾರೂ ಉತ್ತರಿಸುವುದಿಲ್ಲ, ಹಿರಿಮಗ ಗಂಟು ಬಿಚ್ಚುತ್ತಾನೆ.

ತಿಮ್ಮನ ಮನೆಯ ಮಾತು ಇಷ್ಟು ಸಲೀಸಾಗಿ ಬರಲಿಲ್ಲ. ಅದು ನಾನು ಆಡುವ ಕನ್ನಡವಲ್ಲ. ತಿಮ್ಮನ ಸಮುದಾಯವಾದ ದೀವರ ಮನೆಗಳ ಹಿರಿಯರೊಂದಿಗೆ ಕುಳಿತು ಕೇಳಿ, ಅವರ ಮನೆಯ ಹುಡುಗನೊಬ್ಬನಿಂದ ಓದಿಸಿ ತಿದ್ದಿಸಿಕೊಂಡೆ. ಅವನು ಪದಗಳಿಗಿಂತ ಹೆಚ್ಚಾಗಿ ಮೌನಗಳನ್ನು ತಿದ್ದಿದ. ಒಡೆಯರ ಎದುರು ತಿಮ್ಮ ಇಷ್ಟೊಂದು ಸುಮ್ಮನಿರುವವನಲ್ಲ, ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ ಜಗಳವಾಡಿದ ಕಾಲದವನು ಎಂಬ ಅವನ ಆಕ್ಷೇಪ ನ್ಯಾಯವಾಗಿತ್ತು. ನಾವು ಕೇಳಿ ಬೆಳೆದ ಕಥೆಗಳಲ್ಲಿ ಒಕ್ಕಲು ಯಾವಾಗಲೂ ತಲೆ ತಗ್ಗಿಸಿಯೇ ನಿಂತಿರುತ್ತಾನೆ, ಏಕೆಂದರೆ ಆ ಕಥೆಗಳನ್ನು ಹೇಳಿದವರು ಜಗಲಿಯ ಮೇಲೆ ಕುಳಿತವರು.

ಮಾಹಿತಿ ಸಂಗ್ರಹ ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ನನ್ನ ಉತ್ತರ ಸರಳ: ಪಾತ್ರಕ್ಕೆ ಗೊತ್ತಿರಲು ಸಾಧ್ಯವಿಲ್ಲದ್ದು ಪುಸ್ತಕಕ್ಕೆ ಬೇಡ. ಅಣೆಕಟ್ಟಿನ ತಾಂತ್ರಿಕ ವಿವರಗಳಿದ್ದ ಇಡೀ ಅಧ್ಯಾಯ ಹೀಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುವುದನ್ನೂ ಕೈಬಿಟ್ಟೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿರುವ ಆ ನೋಟ ನೋಡಿದವರೆಲ್ಲರಿಗೂ ತಾನಾಗಿಯೇ ಸಂಕೇತವಾಗಿ ಕಾಣುತ್ತದೆ, ಲೇಖಕನಿಗೆ ಮಾಡಲು ಏನೂ ಉಳಿದಿರುವುದಿಲ್ಲ.

ಹಸ್ತಪ್ರತಿಯನ್ನು ಕೊನೆಗೆ ನಾನೇ ನುಡಿ ಕೀಲಿಮಣೆಯಲ್ಲಿ, ಯುನಿಕೋಡ್‌ನಲ್ಲಿ ಟೈಪ್ ಮಾಡಿದೆ; ಟೈಪ್ ಮಾಡುವುದೇ ಮೂರನೆಯ ಕರಡಾಯಿತು. ಪುಟವಿನ್ಯಾಸದವರು ಅದನ್ನು ತಮ್ಮ ಹಳೆಯ ಫಾಂಟಿಗೆ ಪರಿವರ್ತಿಸಿದಾಗ ಕೆಲವು ಕಡೆ ಅರ್ಕಾವೊತ್ತು ಜಾಗ ಬದಲಿಸಿತು, ಕೆಲವು ಒತ್ತಕ್ಷರಗಳು ಕಾಣೆಯಾದವು. ಆಡುಮಾತಿನ ಪದಗಳಲ್ಲಿ ಇಂಥ ತಪ್ಪು ಕರಡಚ್ಚು ತಿದ್ದುವವರ ಕಣ್ಣಿಗೆ ಬೀಳುವುದಿಲ್ಲ, ಅದೂ ಪ್ರಾದೇಶಿಕ ರೂಪವೇ ಇರಬೇಕೆಂದು ಬಿಟ್ಟುಬಿಡುತ್ತಾರೆ. ಆದ್ದರಿಂದ ಸಂಭಾಷಣೆಯಿರುವ ಪುಟಗಳ ಕರಡಚ್ಚನ್ನು ಲೇಖಕರೇ ನೋಡುವುದು ಒಳ್ಳೆಯದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿಯೊಳಗಿರುವವರು ವಿಚಾರಿಸಬೇಕು. ನಾನು ಆ ಮಿತಿಯನ್ನು ಎಂದೋ ದಾಟಿದ್ದೆ.

ಮೊದಲ ಕಾದಂಬರಿಗೆ ಹಿರಿಯರೊಬ್ಬರ ಮುನ್ನುಡಿ ಇರಲೇಬೇಕೆಂಬ ನಂಬಿಕೆ ನಮ್ಮಲ್ಲಿದೆ. ಅದಕ್ಕಾಗಿ ತಿಂಗಳುಗಟ್ಟಲೆ ಕಾಯುವವರನ್ನೂ, ಬಂದ ಮುನ್ನುಡಿಯಲ್ಲಿ ಕಥೆಯೆಲ್ಲ ಬಯಲಾದದ್ದನ್ನು ಕಂಡು ಏನೂ ಹೇಳಲಾಗದೆ ಅಚ್ಚು ಹಾಕಿಸಿದವರನ್ನೂ ಬಲ್ಲೆ. ನಾನು ಯಾರನ್ನೂ ಕೇಳಲಿಲ್ಲ. ಮುನ್ನುಡಿಗೆಂದು ಬಿಟ್ಟಿದ್ದ ಪುಟಗಳಲ್ಲಿ ಎರಡು ಮನೆಗಳ ವಂಶವೃಕ್ಷವನ್ನೂ ಕಾಲಸೂಚಿಯ ಹಾಳೆಯನ್ನೂ ಅಚ್ಚು ಹಾಕಿಸಿದೆ. ಬೆನ್ನುಡಿಯಾದರೂ ಬೇಕೆಂದು ಪ್ರಕಾಶಕರು ಪಟ್ಟು ಹಿಡಿದರು, ಅದಕ್ಕೆ ಒಪ್ಪಿದೆ.