ಕಣ್ಣು ಕತ್ತಲಿಟ್ಟರೆ ಮೊದಲು ಮಲಗಿಸಿ, ಆಮೇಲೆ ಕಾರಣ ಹುಡುಕಿ

ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಕಣ್ಣು ಕತ್ತಲಿಟ್ಟು ಬವಳಿ ಬಂದ ಹಾಗಾದರೆ, ಸುತ್ತ ಇದ್ದವರು ಮೊದಲು ಮಾಡುವ ಕೆಲಸ ಅವರ ಕಂಕುಳಿಗೆ ಕೈ ಕೊಟ್ಟು ಎತ್ತಿ ಕುರ್ಚಿಯಲ್ಲಿ ಕೂರಿಸುವುದು. ತಪ್ಪಾಗುವುದು ಅಲ್ಲೇ. ಬಹುಪಾಲು ಸಲ ಆ ಹೊತ್ತಿಗೆ ರಕ್ತ ಕಾಲು, ಹೊಟ್ಟೆಯ ಕಡೆ ಇಳಿದು ಮಿದುಳಿಗೆ ಸಾಲದಾಗಿರುತ್ತದೆ. ಕೂರಿಸಿ ತಲೆಯನ್ನು ನೆಟ್ಟಗೆ ಹಿಡಿದರೆ ಆ ಕೊರತೆ ಇನ್ನಷ್ಟು ಹೊತ್ತು ಮುಂದುವರಿಯುತ್ತದೆ, ಬರೀ ತಲೆಸುತ್ತಾಗಿದ್ದದ್ದು ಪೂರ್ತಿ ಎಚ್ಚರ ತಪ್ಪುವವರೆಗೆ ಹೋಗುತ್ತದೆ. ಆದ್ದರಿಂದ ಇದ್ದಲ್ಲೇ ನೆಲಕ್ಕೆ ಮಲಗಿಸಿ. ಕಾಲ ಕೆಳಗೆ ಎರಡು ದಿಂಬು ಇಟ್ಟು ಸುಮಾರು ಒಂದಡಿ ಎತ್ತರಕ್ಕೆ ಏರಿಸಿ. ಕುತ್ತಿಗೆಯ ಗುಂಡಿ, ಬೆಲ್ಟು, ಲಂಗದ ಲಾಡಿ ಸಡಿಲ ಮಾಡಿ. ಕಿಟಕಿ ತೆಗೆದು, ಸುತ್ತ ಗುಂಪುಗೂಡಿದವರನ್ನು ಆಚೆ ಕಳಿಸಿ. ಎದೆನೋವು, ಏದುಸಿರು ಇದ್ದವರನ್ನು ಮಾತ್ರ ಅಂಗಾತ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ. ತಿಂಗಳು ತುಂಬುತ್ತಿರುವ ಬಸುರಿಯನ್ನು ಎಡಮಗ್ಗುಲಿಗೆ ಮಲಗಿಸಬೇಕು, ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆಸುತ್ತು ಹೆಚ್ಚುತ್ತದೆ. ವಾಂತಿ ಬರುತ್ತಿದ್ದರೆ ಯಾರನ್ನೇ ಆಗಲಿ ಮಗ್ಗುಲಿಗೆ ತಿರುಗಿಸಿ.

ಪೂರ್ತಿ ಎಚ್ಚರ ಬಂದು ತಾವೇ ಲೋಟ ಹಿಡಿಯುವ ತನಕ ಬಾಯಿಗೆ ಒಂದು ಗುಟುಕು ನೀರೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿದರೆ ಹೊಸ ಅಪಾಯ. ಎಚ್ಚರ ತಪ್ಪಿದಾಗ ಕೈಕಾಲು ಕೆಲವು ಸೆಕೆಂಡು ಅದುರುವುದುಂಟು. ಅದನ್ನು ಕಂಡು ಫಿಟ್ಸ್ ಎಂದು ಕೈಗೆ ಕೀಲಿಕೈ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಬವಳಿ ಬಂದವರು ಮಲಗಿಸಿದ ಒಂದು ನಿಮಿಷದೊಳಗೆ ಕಣ್ಣು ಬಿಟ್ಟು ಸರಿಯಾಗಿ ಮಾತಾಡುತ್ತಾರೆ. ಫಿಟ್ಸ್ ಬಂದವರು ಎದ್ದ ಮೇಲೂ ಬಹಳ ಹೊತ್ತು ಮಂಕಾಗಿರುತ್ತಾರೆ, ನಾಲಿಗೆಯ ಅಂಚು ಕಚ್ಚಿಕೊಂಡಿರಬಹುದು. ಎರಡು ನಿಮಿಷವಾದರೂ ಕಣ್ಣು ಬಿಡದಿದ್ದರೆ 108ಕ್ಕೆ ಕರೆ ಮಾಡಿ. ಉಸಿರೇ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಎಳೆಯುತ್ತಿದ್ದಾರೆ ಎಂದರೆ ಒಂದು ಕ್ಷಣವೂ ಕಾಯುವಂತಿಲ್ಲ. ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುಮೂಳೆಯ ಮೇಲೆ ಎರಡು ಕೈ ಜೋಡಿಸಿ, ಎರಡು ಇಂಚು ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ.

ಚೇತರಿಸಿಕೊಂಡವರು ತಟ್ಟನೆ ಎದ್ದರೆ ಮತ್ತೆ ಬೀಳುತ್ತಾರೆ, ಎರಡನೇ ಸಲ ಬಿದ್ದಾಗಲೇ ಸೊಂಟ ಮುರಿಯುವುದು. ಹತ್ತು ನಿಮಿಷ ಮಲಗಿರಲಿ, ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಲಿ, ಆಮೇಲೆ ಏನಾದರೂ ಹಿಡಿದು ನಿಲ್ಲಲಿ.

ಇನ್ನು ಕಾರಣ. ನಮ್ಮಲ್ಲಿ ಪಿತ್ತ ನೆತ್ತಿಗೇರಿದೆ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಸುಮ್ಮನಾಗುವುದು ರೂಢಿ. ಪಾನಕದಿಂದ ಕೆಡುಕೇನಿಲ್ಲ, ಸುಮ್ಮನಾಗುವುದರಿಂದ ಇದೆ. ತಲೆ ಸುತ್ತಿದ ಕ್ಷಣದಲ್ಲಿ ಅವರು ಹೇಗಿದ್ದರು ಎಂಬುದೇ ಅರ್ಧ ಕಾರಣ ಹೇಳಿಬಿಡುತ್ತದೆ. ಮಲಗಿದ್ದವರು ಏಳುವಾಗಲೋ, ನಿಂತು ನಿಂತು ಸಾಕಾದಾಗಲೋ, ಮಗ್ಗುಲು ಹೊರಳುವಾಗಲೋ, ಮೆಟ್ಟಿಲು ಹತ್ತುವಾಗಲೋ, ಏನೂ ಮಾಡದೆ ಕೂತಿದ್ದಾಗಲೋ? ಇದನ್ನು ಮೊದಲು ಕೇಳಿ.

ಏಳುವಾಗ ಬಂದರೆ ಮಾತ್ರೆಯ ಡಬ್ಬಿ ನೋಡಿ. ನಾವು ಎದ್ದು ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿನ ಕಡೆ ಇಳಿಯುತ್ತದೆ. ರಕ್ತನಾಳಗಳು ತಕ್ಷಣ ಬಿಗಿದುಕೊಂಡು ಅದನ್ನು ಸರಿದೂಗಿಸಬೇಕು. ವಯಸ್ಸಾದವರಲ್ಲಿ, ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಈ ಬಿಗಿತ ನಿಧಾನ. ಜೊತೆಗೆ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಗಂಡಸರ ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ನಿದ್ದೆ ಮಾತ್ರೆ, ನೆಗಡಿಗೆ ನುಂಗುವ ಸೆಟಿರಿಜಿನ್, ಇವುಗಳಲ್ಲಿ ಎರಡು ಮೂರು ಸೇರಿಕೊಂಡರೆ ಬೆಳಗಿನ ಜಾವ ಬಚ್ಚಲಿಗೆ ಎದ್ದವರು ಬಾಗಿಲಲ್ಲೇ ಬೀಳುತ್ತಾರೆ. ಹೊಸ ಮಾತ್ರೆ ಶುರುವಾದ, ಇಲ್ಲವೇ ಪ್ರಮಾಣ ಏರಿಸಿದ ಮೊದಲ ಒಂದೆರಡು ವಾರ ವಿಶೇಷ ಎಚ್ಚರಿಕೆ ಬೇಕು. ಹಾಗೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಕೆಲವು ಬಿಪಿ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ರಕ್ತದೊತ್ತಡ ಮೊದಲಿಗಿಂತ ಮೇಲೇರುತ್ತದೆ. ಬಿಪಿಯ ಅಂಕಿ ಬರೆದುಕೊಂಡು ವೈದ್ಯರ ಬಳಿ ಹೋಗಿ. ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಐದು ನಿಮಿಷ ಮಲಗಿಸಿ ಒಂದು ಸಲ ನೋಡಿ, ಆಮೇಲೆ ನಿಲ್ಲಿಸಿ, ನಿಂತು ಒಂದು ನಿಮಿಷವಾದಾಗ ಒಂದು ಸಲ, ಮೂರು ನಿಮಿಷವಾದಾಗ ಇನ್ನೊಂದು ಸಲ ನೋಡಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಕಾರಣ ಸಿಕ್ಕಿದ ಹಾಗೆ. ಪಟ್ಟಿ ಕಟ್ಟಿದ ತೋಳನ್ನು ಎದೆಯ ಮಟ್ಟದಲ್ಲಿ ಆನಿಸಿಡಿ, ಜೋತುಬಿಟ್ಟರೆ ಅಂಕಿ ಹೆಚ್ಚು ತೋರಿಸಿ ಇಳಿತವನ್ನು ಮುಚ್ಚಿಹಾಕುತ್ತದೆ. ಬಿಪಿ ಲೋ ಆಗಿದೆ ಎಂದು ಉಪ್ಪು ನೆಕ್ಕಿಸುವ ಅಭ್ಯಾಸ ಹೃದಯ, ಕಿಡ್ನಿ ದುರ್ಬಲವಾದವರಿಗೆ ನೀರು ತುಂಬಿಸಿ ಉಸಿರು ಕಟ್ಟಿಸುತ್ತದೆ.

ಹಾಸಿಗೆಯಿಂದ ಏಳುವ ಮೊದಲು ಹತ್ತಿಪ್ಪತ್ತು ಸಲ ಪಾದ ಮೇಲೆ ಕೆಳಗೆ ಆಡಿಸಿ, ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ರಾತ್ರಿ ಎದ್ದಾಗ ಗಂಡಸರೂ ಕೂತೇ ಮೂತ್ರ ಮಾಡುವುದು ಕ್ಷೇಮ, ನಿಂತು ಮಾಡುವಾಗ ರಕ್ತದೊತ್ತಡ ತಟ್ಟನೆ ಇಳಿದು ಬೀಳುವವರಿದ್ದಾರೆ. ಹಬ್ಬದ ಊಟ ಆದ ಒಂದೆರಡು ಗಂಟೆಯೊಳಗೆ ವೃದ್ಧರಿಗೆ ತಲೆ ಸುತ್ತಿದರೆ ರಕ್ತ ಹೊಟ್ಟೆಗೆ ಹರಿದದ್ದೇ ಕಾರಣವಿರಬಹುದು. ಅನ್ನ, ಸಿಹಿ ಕಡಿಮೆ ಮಾಡಿ, ಎರಡು ಸಲಕ್ಕೆ ಹಂಚಿ ಬಡಿಸಿ.

ದೇವಸ್ಥಾನದ ಸಾಲು, ಮದುವೆ ಮಂಟಪ, ತುಂಬಿದ ಬಸ್ಸು, ರಕ್ತ ಪರೀಕ್ಷೆಯ ಸೂಜಿ, ಇಲ್ಲೆಲ್ಲ ಬರುವ ಬವಳಿ ಹರೆಯದವರಿಗೂ ಬರುತ್ತದೆ. ಮೊದಲು ಬೆವರು, ಓಕರಿಕೆ, ಆಕಳಿಕೆ, ಕಿವಿ ಮುಚ್ಚಿದ ಹಾಗೆ ಆಗುವುದು, ಮುಖ ಬಿಳಿಚುವುದು. ಈ ಸೂಚನೆ ಸಿಕ್ಕಾಗ ನಾಚಿಕೆ ಬಿಟ್ಟು ನೆಲದ ಮೇಲೆ ಕೂತುಬಿಡಿ. ಕೂರಲು ಜಾಗವೇ ಇಲ್ಲದಿದ್ದರೆ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ ಬಿಗಿಹಿಡಿದು ಮುಷ್ಟಿ ಬಲವಾಗಿ ಕಟ್ಟಿ ಅರ್ಧ ನಿಮಿಷ ಹಿಡಿಯಿರಿ. ರಕ್ತ ಮೇಲಕ್ಕೆ ಹಿಂಡಿದ ಹಾಗಾಗಿ ಬೀಳುವುದು ತಪ್ಪುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಯಾವ ಹೊತ್ತಿನಲ್ಲಿ ತಲೆ ಸುತ್ತಿದರೂ ಮೊದಲ ಅನುಮಾನ ಸಕ್ಕರೆ ಇಳಿದಿದೆ ಎಂಬುದೇ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡು ಊಟ ತಡ ಮಾಡಿದವರು, ಏಕಾದಶಿ ಉಪವಾಸ ಹಿಡಿದವರು, ಹೊಲದಲ್ಲಿ ಎಂದಿಗಿಂತ ಹೆಚ್ಚು ಗೇಯ್ದವರು ಈ ಸಾಲಿಗೆ ಬರುತ್ತಾರೆ. ಕೈನಡುಕ, ತಣ್ಣನೆ ಬೆವರು, ಹಸಿವು, ಸಿಡಿಮಿಡಿ, ಅರ್ಥವಿಲ್ಲದ ಮಾತು ಇದರ ಗುರುತು. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ನುಂಗುವವರಿಗೆ ನಡುಕ, ಎದೆಬಡಿತ ಕಾಣದೆಯೂ ಇರಬಹುದು, ಬೆವರು ಮಾತ್ರ ಬರುತ್ತದೆ. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಬಂದರೆ, ಮೀಟರ್ ಇಲ್ಲದಿದ್ದರೆ ಅನುಮಾನದ ಮೇಲೆಯೇ, ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷಕ್ಕೆ ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ, ಏರಿದ ಮೇಲೆ ಊಟ ಹಾಕಿ. ಮಾತ್ರೆಯ ಹಾಳೆಯ ಮೇಲೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಆ ಮಾತ್ರೆ ಕರುಳಿನಲ್ಲಿ ಸಕ್ಕರೆ ಒಡೆಯದಂತೆ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಚಾಕೊಲೇಟ್, ಲಾಡು ಸಲ್ಲದು, ಕೊಬ್ಬು ಸೇರಿದ ಸಿಹಿ ನಿಧಾನಕ್ಕೆ ಏರುತ್ತದೆ. ಗ್ಲಿಮೆಪಿರೈಡ್ ತರಹದ ಮಾತ್ರೆಯಿಂದ ಇಳಿದ ಸಕ್ಕರೆ ಏರಿಸಿದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ವೃದ್ಧರು, ಕಿಡ್ನಿ ತೊಂದರೆ ಇರುವವರು ಸರಿಹೋದರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಬೇಸಿಗೆಯಲ್ಲಿ, ಭೇದಿಯಲ್ಲಿ ನೀರಿನಂಶ ಹೋಗಿಯೂ ಕಣ್ಣು ಕತ್ತಲಿಡುತ್ತದೆ. ಮೂತ್ರ ಕಡಿಮೆಯಾಗಿ ಗಾಢ ಹಳದಿಯಾಗಿದ್ದರೆ ಅದೇ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಅಂಗಡಿಯ ಓಆರ್‌ಎಸ್ ಆದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಲೀಟರಿನ ಪುಡಿಯನ್ನು ಒಂದೇ ಲೋಟಕ್ಕೆ ಸುರಿಯುವವರಿದ್ದಾರೆ, ಅದು ಭೇದಿಯನ್ನು ಹೆಚ್ಚಿಸುತ್ತದೆ. ಬಿಸಿಲಿಗೆ ಬಿದ್ದವರ ಮೈ ಕೆಂಡದ ಹಾಗೆ ಸುಡುತ್ತಿದ್ದು ಮಾತು ತೊದಲಿದರೆ ಅದು ಪಾನಕದ ಕೆಲಸವಲ್ಲ. ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಸಾಗಿಸಿ. ಮಳೆಗಾಲದ ಡೆಂಗಿಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಮೂರನೇ ದಿನದ ನಂತರ ಜ್ವರ ಇಳಿಯುತ್ತಿರುವಾಗಲೇ ಅಪಾಯದ ಘಟ್ಟ ಶುರು. ಜ್ವರ ಬಿಟ್ಟಿತು ಎಂದು ಸಮಾಧಾನಪಡುವ ಹೊತ್ತಿನಲ್ಲಿ ತಲೆಸುತ್ತು, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಹೊರಡಿ.

ಮಗ್ಗುಲು ಹೊರಳಿದಾಗ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿದ್ದು. ಹೆದರಿಸುತ್ತದೆ, ಕೊಲ್ಲುವುದಿಲ್ಲ. ಕಿವಿ ಮೂಗು ಗಂಟಲಿನ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಕಳಿಸುತ್ತಾರೆ, ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗಬೇಕಿಲ್ಲ.

ಸ್ನಾನದ ಮನೆಯಲ್ಲಿ ತಲೆ ಸುತ್ತಿದರೆ, ಅಲ್ಲಿ ಗ್ಯಾಸ್ ಗೀಸರ್ ಇದ್ದರೆ, ಬಿಪಿಯನ್ನು ದೂರುವ ಮೊದಲು ಗಾಳಿಯನ್ನು ನೋಡಿ. ಚಿಕ್ಕ ಕೋಣೆ, ಚಳಿಗೆಂದು ಮುಚ್ಚಿದ ಕಿಂಡಿ, ಒಳಗೆ ಉರಿಯುವ ಬೆಂಕಿ: ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಸುಸ್ತು, ಕಾಲಲ್ಲಿ ಬಲ ಕುಂದುವುದು, ಅಷ್ಟರಲ್ಲಿ ಚಿಲಕ ತೆಗೆಯಲೂ ಆಗದು. ಗೀಸರ್ ಸ್ನಾನದ ಕೋಣೆಯ ಹೊರಗೇ ಇರಬೇಕು. ಒಳಗಿದ್ದರೆ ಅದನ್ನು ಹೊರಕ್ಕೆ ಹಾಕಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನ. ಬಾಣಂತಿ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವುದೂ ಇದೇ ವಿಷ, ತಾಯಿ ಮಗು ಇಬ್ಬರಿಗೂ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷದಲ್ಲಿ 98 ಎಂದು ಸುಳ್ಳು ಅಂಕಿ ತೋರಿಸಬಹುದು, ನಂಬಬೇಡಿ. ಹೊರಗೆ ಎಳೆದು ತನ್ನಿ, ಆಸ್ಪತ್ರೆಯಲ್ಲಿ ಗ್ಯಾಸ್ ಗೀಸರ್ ಎಂದು ಬಾಯಿಬಿಟ್ಟು ಹೇಳಿ.

ಒಳಗೊಳಗೇ ರಕ್ತ ಹೋಗುತ್ತಿರುವುದನ್ನು ಜನ ತಡವಾಗಿ ಗುರುತಿಸುತ್ತಾರೆ. ಮಂಡಿನೋವಿಗೆ ದಿನವೂ ಡೈಕ್ಲೋಫಿನಾಕ್ ನುಂಗುವವರು, ಆಸ್ಪಿರಿನ್ ತೆಗೆದುಕೊಳ್ಳುವವರು ಮಲದ ಬಣ್ಣ ಗಮನಿಸಲಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟಂಟಾಗಿ ಕೆಟ್ಟ ನಾತ ಬರುವ ಕಪ್ಪು ಮಲ ಹೊಟ್ಟೆಯ ಹುಣ್ಣಿನ ರಕ್ತ. ಮುಟ್ಟು ನಿಂತು ಕೆಲವು ವಾರವಾದ ಹೆಣ್ಣುಮಕ್ಕಳಿಗೆ ಕಿಬ್ಬೊಟ್ಟೆ ನೋವಿನ ಜೊತೆ ಬವಳಿ ಬಂದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತು, ಆ ನಾಳ ಒಡೆದಿರಬಹುದು. ಈ ಎರಡರಲ್ಲೂ ಬೆಳಗಾಗಲಿ ಎಂದು ಕಾಯಬೇಡಿ.

ಏನೂ ಸೂಚನೆ ಕೊಡದೆ ಧೊಪ್ಪನೆ ಬಿದ್ದರೆ, ಮೆಟ್ಟಿಲು ಹತ್ತುವಾಗ, ಓಡುವಾಗ ಅಥವಾ ಮಲಗಿದ್ದಲ್ಲೇ ಎಚ್ಚರ ತಪ್ಪಿದರೆ, ಎದೆ ಡವಗುಟ್ಟಿ ಆಮೇಲೆ ಕಣ್ಣು ಕತ್ತಲಿಟ್ಟರೆ ಹೃದಯದ ಬಡಿತ ತಪ್ಪಿರುವ ಸಂಭವ ಹೆಚ್ಚು. ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರು ಇದ್ದರಂತೂ ಆ ದಿನವೇ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರಬಹುದು. ತಣ್ಣನೆ ಬೆವರು, ದವಡೆ ನೋವು, ಏದುಸಿರು ಕಂಡರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಹೊತ್ತು ಕಳೆಯಬೇಡಿ. ತಲೆಸುತ್ತಿನ ಜೊತೆ ಬಾಯಿ ಒಂದು ಕಡೆ ವಾಲಿದ್ದು, ಕಣ್ಣು ಮುಚ್ಚಿ ಎರಡು ಕೈ ಚಾಚಿದಾಗ ಒಂದು ಕೆಳಗಿಳಿಯುವುದು, ತೊದಲು, ವಸ್ತು ಎರಡೆರಡಾಗಿ ಕಾಣುವುದು, ಹಿಡಿಯದೆ ನಿಲ್ಲಲಾಗದಿರುವುದು ಕಂಡರೆ ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ, ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ.

ಒಮ್ಮೆ ಬಂದು ಹೋದ, ಕಾರಣ ಸ್ಪಷ್ಟವಿರುವ ತಲೆಸುತ್ತಿಗೆ ಗಾಬರಿ ಬೇಡ. ವಾರದಲ್ಲಿ ಎರಡನೇ ಸಲ ಬಂದರೆ ತೋರಿಸಿ. ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಇಸಿಜಿ, ಇಷ್ಟನ್ನು ತಾಲೂಕು ಆಸ್ಪತ್ರೆಯಲ್ಲೂ ವಿಚಾರಿಸಬಹುದು. ನುಂಗುವ ಎಲ್ಲ ಮಾತ್ರೆಯ ಹಾಳೆಗಳನ್ನು, ನಾಟಿ ಔಷಧಿಯ ಬಾಟಲಿಯನ್ನೂ ಸೇರಿಸಿ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ತಾವೇ ಸ್ಕೂಟರ್ ಓಡಿಸಿಕೊಂಡು ಹೋಗುವುದು ಬೇಡ. ಜೊತೆಗೆ ಹೋಗುವವರು ಬಿದ್ದದ್ದನ್ನು ಕಣ್ಣಾರೆ ಕಂಡವರೇ ಆಗಿರಲಿ. ಎಷ್ಟು ಹೊತ್ತು ಎಚ್ಚರವಿರಲಿಲ್ಲ, ಮುಖ ಬಿಳಿಚಿತ್ತೋ ನೀಲಿಗಟ್ಟಿತ್ತೋ, ಎದ್ದ ಮೇಲೆ ಮೊದಲು ಏನು ಮಾತಾಡಿದರು ಎಂಬುದನ್ನು ಬಿದ್ದವರು ಹೇಳಲಾರರು, ವೈದ್ಯರು ಕೇಳುವುದು ಅದನ್ನೇ.