ಒಂದು ಹೊಂಡದ ಕೋಡಿ, ಮುಂದಿನ ಹೊಂಡಕ್ಕೆ ನೀರು

ಚಿತ್ರದುರ್ಗದ ಕೋಟೆ ಹತ್ತಿದವರೆಲ್ಲ ಒನಕೆ ಓಬವ್ವನ ಕಿಂಡಿ ನೋಡಿಯೇ ಬರುತ್ತಾರೆ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದಾಗಲೇ ಅಲ್ವಾ ಅವಳಿಗೆ ಶತ್ರುಗಳ ಸದ್ದು ಕೇಳಿದ್ದು? ಬರೀ ಬಂಡೆಯ ಆ ಕೋಟೆಯಲ್ಲಿ ಕೈಗೆಟುಕುವಷ್ಟು ಹತ್ತಿರ ನೀರಿತ್ತು ಅನ್ನುವುದೇ ನನಗೆ ದೊಡ್ಡ ಸಂಗತಿ.

ಬೆಟ್ಟದ ಮೇಲೆ ನದಿಯಿಲ್ಲ. ವರ್ಷದ ಮಳೆ ಸುಮಾರು 600 ಮಿ.ಮೀ. ಅಷ್ಟರಲ್ಲೇ ಸೈನ್ಯ ಬದುಕಬೇಕು. ಅದಕ್ಕೇ ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತಿತ್ತು. ಇವತ್ತಿನ ಪೊಲೀಸ್ ವಸತಿಗೃಹ, ತರಬೇತಿ ಶಿಬಿರ, ಹಾಸ್ಟೆಲ್‌ಗಳಲ್ಲೂ ಇದನ್ನೇ ಮಾಡಬಹುದು.

ಮೊದಲು, ಮಳೆ ಬರುವಾಗ ಕೊಡೆ ಹಿಡಿದು ಆವರಣ ಸುತ್ತಿ. ನೀರು ಎಲ್ಲಿಂದ ಎಲ್ಲಿಗೆ ಓಡುತ್ತದೆ ನೋಡಿ. ನಕ್ಷೆಗಿಂತ ಇದೇ ಸರಿ.

ಆಮೇಲೆ ಲೆಕ್ಕ. 1 ಚದರ ಮೀಟರ್ ಚಾವಣಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ಚಾವಣಿಗೆ ವರ್ಷಕ್ಕೆ 60,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 48,000 ಲೀಟರ್ ಉಳಿಯುತ್ತದೆ. 6,000 ಲೀಟರಿನ ಎಂಟು ಟ್ಯಾಂಕರ್!

ಚಾವಣಿಯ ಪೈಪಿಗೆ ಒಂದು ವಾಲ್ವ್ ಹಾಕಿಸಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲಿ. ನಂತರದ್ದು ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಸಂಪಿಗೆ ಬರಲಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಸಂಪು ತುಂಬಿದ ಮೇಲೆ ನೀರು ಚರಂಡಿಗೆ. ಹಾಗೆ ಮಾಡಬೇಡಿ. ಸಂಪಿನ ಕೋಡಿಗೆ ಪೈಪ್ ಜೋಡಿಸಿ, ಬೋರ್‌ವೆಲ್ ಸುತ್ತ ತೋಡಿದ ಇಂಗುಗುಂಡಿಗೆ ಬಿಡಿ. ಗುಂಡಿಯೊಳಗೆ ಕಾಣುವ ಕೇಸಿಂಗ್ ಪೈಪಿಗೆ, ಅಂದರೆ ಬೋರ್‌ವೆಲ್ಲಿನ ಹೊರ ಕೊಳವೆಗೆ, ಸಣ್ಣ ತೂತು ಕೊರೆದು, ಬಲೆ ಬಿಗಿಯಾಗಿ ಸುತ್ತಿ. ಕೆಳಗೆ ಕಲ್ಲು, ಅದರ ಮೇಲೆ ಜಲ್ಲಿ, ಮೇಲುಗಡೆ ಮರಳು. ಸೋಪಿನ ನೀರು, ಪಾಯಿಖಾನೆ ನೀರು ಇದರ ಹತ್ತಿರವೂ ಸುಳಿಯಬಾರದು. ಬೋರ್ ಒಮ್ಮೆ ಕೆಟ್ಟರೆ ಸರಿಮಾಡುವುದು ತುಂಬಾ ಕಷ್ಟ. ಗುಂಡಿಯೂ ತುಂಬಿತೇ? ಆವರಣದ ತಗ್ಗಿನಲ್ಲಿ ಒಂದು ಕುಂಟೆ ಇರಲಿ.

ಸ್ನಾನದ ನೀರು ಮರಗಳಿಗೆ ಸಾಕು. ಜೀಪು ತೊಳೆಯಲು ಬಕೆಟ್ ಸಾಕು, ಪೈಪ್ ಬೇಡ.

ಸೋರಿಕೆ ಹಿಡಿಯಲು ರಾತ್ರಿ ನಲ್ಲಿಗಳನ್ನೆಲ್ಲ ಬಿಗಿದು, ಮೋಟರ್ ಆಫ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಅವತ್ತೇ ಪ್ಲಂಬರ್ ಕರೆಸಿ. ಪ್ರತಿ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಚಾವಣಿ ಗುಡಿಸಿ, ಮರಳು ತೆಗೆದು ತೊಳೆದು ಮತ್ತೆ ತುಂಬಿ.