ಕ್ಯಾತ್ಸಂದ್ರದ ನಮ್ಮ ಮನೆ ಮಾರೋಕೆ ಮುಂಚೆ ನಾವು ಏನೇನ್ ಮಾಡಿದ್ವಿ

ತುಮಕೂರಿನ ಕ್ಯಾತ್ಸಂದ್ರದಲ್ಲಿದ್ದ ನಮ್ಮ ಮನೆ ಮಾರಿದ್ವಿ, 30x40 ಸೈಟು, ಕೆಳಗೆ ಎರಡು ಬೆಡ್‌ರೂಮು, ಮೇಲೆ ಬಾಡಿಗೆಗೆ ಕೊಟ್ಟಿದ್ದ ಒಂದು ಪೋರ್ಷನ್ನು. ಆಮೇಲಿಂದ ನೆಂಟರು, ಅಕ್ಕಪಕ್ಕದವ್ರು ಯಾರಾದ್ರೂ ಮನೆ ಮಾರೋಕೆ ಹೊರಟ್ರೆ ನನ್ನ ಹತ್ರ ಕೇಳ್ತಾರೆ, ಅದಕ್ಕೆ ಎಲ್ಲಾ ಒಂದ್ಕಡೆ ಬರೆದಿಡ್ತಿದೀನಿ.

ಎಲ್ಲರೂ ಮೊದಲು ಕೇಳೋದು ಯಾವ ಪೇಂಟ್ ಹೊಡೆಸಿದ್ರಿ ಅಂತ. ನಾನು ಹೇಳೋದು ಪೇಂಟ್ ಕೊನೇಗೆ, ದುಡ್ಡು ಮೊದಲು ಹಾಕಬೇಕಾಗಿರೋದು ಟೆರೇಸಿಗೆ ಮತ್ತೆ ನೀರಿಗೆ. ನಮ್ ಕಡೆ ಮನೆ ನೋಡೋಕೆ ಗಂಡ ಹೆಂಡ್ತಿ ಇಬ್ಬರೇ ಬರಲ್ಲ, ಜೊತೇಲಿ ಅಪ್ಪ, ಮಾವ, ಗುರುತಿರೋ ಮೇಸ್ತ್ರಿ ಯಾರಾದ್ರೂ ಒಬ್ರು ಇದ್ದೇ ಇರ್ತಾರೆ, ಆ ದೊಡ್ಡೋರು ಒಳಗೆ ಬಂದ ತಕ್ಷಣ ಸೀಲಿಂಗ್ ಮೂಲೆ ನೋಡ್ತಾರೆ, ಆಮೇಲೆ ಬಾತ್‌ರೂಮಿನ ಹೊರಗಿನ ಗೋಡೆ ಕೈಯಿಂದ ಮುಟ್ಟಿ ನೋಡ್ತಾರೆ. ಅಲ್ಲಿ ತೇವ ಕಂಡ್ರೆ ಮುಗೀತು, ಹಾಲ್ ಎಷ್ಟು ಚೆನ್ನಾಗಿದ್ರೂ ರೇಟು ಇಳಿಸೋ ಮಾತೇ.

ನಮ್ಮ ಮೇಲಿನ ಪೋರ್ಷನ್ನಿನ ರೂಮಲ್ಲಿ ಒಂದು ಮೂಲೆಯಲ್ಲಿ ಬಣ್ಣ ಉಬ್ಬಿ ಉದುರ್ತಾ ಇತ್ತು, ಕೈಯಿಟ್ರೆ ಬಿಳಿ ಪುಡಿ ಬರೋದು. ಪೇಂಟರ್ ಬಂದು ಕೆರೆದು ಪುಟ್ಟಿ ಹಾಕಿ ಎರಡು ಕೋಟ್ ಹೊಡೆದ್ರೆ ಗೊತ್ತೇ ಆಗಲ್ಲ ಅಕ್ಕ ಅಂದ್ರು. ನಾನು ಬೇಡ ಅಂದೆ. ಮೇಲಿಂದ ನೀರು ಇಳೀತಿರೋವಾಗ ಪುಟ್ಟಿ ನಿಲ್ಲಲ್ಲ, ಮುಂದಿನ ಮಳೆಗೆ ಮತ್ತೆ ಉಬ್ಬುತ್ತೆ, ಅಷ್ಟರಲ್ಲಿ ಮನೆ ಇನ್ನೊಬ್ಬರದಾಗಿರುತ್ತೆ, ಅವರು ಸಾಲ ಮಾಡಿ ತಗೊಂಡಿರ್ತಾರೆ, ಅಂಥ ಕೆಲಸ ನನ್ನ ಕೈಲಾಗಲ್ಲ. ಗಾರೆ ಮೇಸ್ತ್ರಿ ಕರೆಸಿ ಟೆರೇಸಲ್ಲಿ ಮಳೆನೀರು ಹೋಗೋ ಪೈಪಿನ ಬಾಯಿಗೆ ಬಟ್ಟೆ ತುರುಕಿ ನೀರು ನಿಲ್ಲಿಸಿ ಒಂದು ದಿನ ಬಿಟ್ವಿ. ತೇವ ಎದ್ದಿದ್ದು ಸರಿಯಾಗಿ ಆ ಪೈಪಿನ ಕೆಳಗೇನೇ, ಪೈಪಿನ ಸುತ್ತ ಹಾಕಿದ್ದ ಸಿಮೆಂಟು ಬಿಟ್ಕೊಂಡು ಕೂದಲೆಳೆಯಷ್ಟು ಸೀಳಾಗಿತ್ತು, ಪ್ಯಾರಾಪೆಟ್ ಗೋಡೆ ನೆಲಕ್ಕೆ ಸೇರೋ ಜಾಗದಲ್ಲೂ ಅದೇ ಕಥೆ. ಅಷ್ಟನ್ನ ಒಡೆದು ತೆಗೆದು, ವಾಟರ್‌ಪ್ರೂಫ್ ಲಿಕ್ವಿಡ್ ಸೇರಿಸಿದ ಗಾರೆ ತುಂಬಿ, ಮೂಲೆ ದುಂಡಗೆ ಮಾಡಿ, ನೀರು ಪೈಪಿನ ಕಡೆ ಹೋಗೋ ಹಾಗೆ ಸ್ಲೋಪು ಸರಿಮಾಡಿ, ಆಮೇಲೆ ಇಡೀ ಟೆರೇಸಿಗೆ ಕೋಟಿಂಗು, ಒಂದು ಕೋಟ್ ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ. ಮತ್ತೆ ನೀರು ನಿಲ್ಲಿಸಿ ನೋಡಿದ್ವಿ, ಕೆಳಗೆ ಒಂದು ಹನಿ ಇಲ್ಲ. ಆ ಮೂಲೆ ಪೂರ್ತಿ ಒಣಗೋವರೆಗೂ ಪೇಂಟರ್‌ನ ಕರೀಲಿಲ್ಲ, ಗೋಡೆ ಹಸಿ ಇರೋವಾಗ ಬಣ್ಣ ಹಚ್ಚಿದ್ರೆ ಅದೂ ವೇಸ್ಟೇ. ಈ ಕೆಲಸದ್ದೆಲ್ಲಾ ಮೊಬೈಲಲ್ಲಿ ಫೋಟೋ ತೆಗೆದಿಟ್ಟಿದ್ದೆ, ನೋಡೋಕೆ ಬಂದವರಿಗೆ ನಾನೇ ತೋರಿಸ್ತಿದ್ದೆ, ಇಲ್ಲಿ ಲೀಕ್ ಇತ್ತು ಹಿಂಗೆ ಸರಿಮಾಡಿಸಿದೀವಿ ಅಂತ. ಆ ಫೋಟೋ ನೋಡಿದ ಮೇಲೆ ಜನ ನಮ್ಮ ಬೇರೆ ಮಾತೂ ನಂಬ್ತಿದ್ರು.

ಬಾತ್‌ರೂಮು ಇನ್ನೊಂದು ತಲೆನೋವು. ನಮ್ಮದು ಬೋರ್ ನೀರು, ಗಡಸು, ನಲ್ಲಿ ಮೇಲೆ ಟೈಲ್ಸ್ ಮೇಲೆ ಎಲ್ಲಾ ಬಿಳಿ ಉಪ್ಪು ಕೂತು ಹದಿನೈದು ವರ್ಷದ ಬಾತ್‌ರೂಮು ಮೂವತ್ತು ವರ್ಷದ್ದು ಅನ್ನಿಸೋದು. ಎಲ್ಲರೂ ಆಸಿಡ್ ಹಾಕಿ ಉಜ್ಜಿ ಅಂತಾರೆ, ಆದ್ರೆ ಆಸಿಡ್ ಹಾಕಿದ್ರೆ ನಲ್ಲಿಯ ಹೊಳಪು ಹೋಗುತ್ತೆ, ಟೈಲ್ಸ್ ಮಧ್ಯದ ಸಿಮೆಂಟೂ ತಿನ್ನುತ್ತೆ, ಆಮೇಲೆ ಅಲ್ಲಿಂದಲೇ ನೀರು ಗೋಡೆಗಿಳಿಯೋದು. ನಾನು ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪು ಬಿಸಿನೀರಲ್ಲಿ ಕರಗಿಸಿ, ಹಳೇ ಬಟ್ಟೆ ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದೆ, ಪದರ ಪದರವಾಗಿ ಬಿಟ್ಕೊಂಡು ಬಂತು. ಟೈಲ್ಸ್ ಸಂದಿಗೆ ಹೊಸ ಗ್ರೌಟ್ ತುಂಬಿಸಿದ್ವಿ, ಒಂದು ನಲ್ಲಿ ಮಾತ್ರ ಬದಲಾಯಿಸ್ಬೇಕಾಯ್ತು.

ನೀರಿನ ಬಗ್ಗೆ ಹೆಂಗಸರೇ ಜಾಸ್ತಿ ಕೇಳೋದು. "ಏನಮ್ಮಾ, ಕಾರ್ಪೊರೇಷನ್ ನೀರು ಎಷ್ಟ್ ದಿನಕ್ಕೊಂದ್ಸಲ ಬಿಡ್ತಾರೆ, ಬೇಸಿಗೇಲಿ ಬೋರು ನಿಲ್ಲುತ್ತಾ?" ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಊರಿಗೆ ಬರೋದು, ಕೆರೆ ತಳ ಕಂಡ ವರ್ಷ ಇಡೀ ಊರಿಗೇ ಕಷ್ಟ, ಇದು ಇಲ್ಲಿನವರಿಗೆಲ್ಲಾ ಗೊತ್ತಿರೋದೇ, ಅದಕ್ಕೆ ಇದ್ದಿದ್ದು ಇದ್ದ ಹಾಗೇ ಹೇಳ್ತಿದ್ದೆ. ಸಂಪು ಖಾಲಿ ಮಾಡಿ ತಳದ ಕೆಸರೆಲ್ಲಾ ತೊಳೆಸಿದ್ವಿ, ಮುಚ್ಚಳ ತುಕ್ಕು ಹಿಡಿದಿತ್ತು, ಹೊಸದು ಹಾಕಿಸಿದ್ವಿ. ಬಂದವರು ಮುಚ್ಚಳ ತೆಗೆಸಿ ನೋಡೇ ನೋಡ್ತಾರೆ, ಮೋಟರ್ ಆನ್ ಮಾಡ್ಸಿ ಮೇಲೆ ಟ್ಯಾಂಕಿಗೆ ನೀರು ಬೀಳೋ ಸದ್ದು ಕೇಳೋವರೆಗೂ ನಿಂತಿರ್ತಾರೆ.

ಇದೆಲ್ಲಾ ಆದ ಮೇಲೆ ಬಣ್ಣ, ಒಳಗಡೆ ಪೂರ್ತಿ ತಿಳಿ ಕೆನೆ ಬಣ್ಣ. ಮುಂಚೆ ಹಾಲಲ್ಲಿ ಒಂದು ಗೋಡೆ ಕಡು ಕೆಂಪಿತ್ತು, ಅದು ಹೋದ ಮೇಲೆ ಹಾಲು ದೊಡ್ಡದಾದಂಗೆ ಕಾಣಿಸ್ತು. ಸಾಮಾನು ಕಮ್ಮಿ ಮಾಡಿದ್ವಿ, ಅಟ್ಟದ ಮೇಲಿದ್ದ ಹಳೇ ಪಾತ್ರೆ ಟ್ರಂಕು ಎಲ್ಲಾ ಊರಿಗೆ ಸಾಗಿಸಿದ್ವಿ, ಅಟ್ಟ ಖಾಲಿ ಇದ್ರೆ ಎಷ್ಟು ಜಾಗ ಇದೆ ಅಂತ ಅವರಿಗೇ ಕಾಣುತ್ತೆ. ದೇವರ ಮನೆ ಮಾತ್ರ ಖಾಲಿ ಮಾಡಲಿಲ್ಲ, ದಿನಾ ದೀಪ ಹಚ್ಚೋ ಮನೆ ಅಂದ್ರೆ ಬರೋರಿಗೂ ಒಂದು ಸಮಾಧಾನ.

ಬಾಡಿಗೆಯವರಿಗೆ ಮಾರೋ ವಿಷಯ ಎಲ್ಲರಿಗಿಂತ ಮೊದಲು ಹೇಳಿದ್ವಿ. ಬ್ರೋಕರ್ ಬಾಯಿಂದ ಗೊತ್ತಾದ್ರೆ ಅವರಿಗೆ ಬೇಜಾರು, ಬೇಜಾರಿದ್ರೆ ಮೇಲಿನ ಮನೆ ಬಾಗಿಲು ತೆಗೆಯೋದೇ ಕಷ್ಟ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ, ರಿಪೇರಿ ಎಲ್ಲಾ ಆ ಟೈಮಲ್ಲಿ ಇಟ್ಕೊಂಡ್ವಿ. ತೋರಿಸೋದು ಭಾನುವಾರ ಬೆಳಿಗ್ಗೆ, ನಮ್ಮದು ಪೂರ್ವಕ್ಕೆ ಬಾಗಿಲು, ಆ ಹೊತ್ತಿಗೆ ಬಿಸಿಲು ಹಾಲಿನ ಅರ್ಧದವರೆಗೂ ಬರೋದು.

ಕಾಗದಪತ್ರ ರೆಡಿ ಇಲ್ದೆ ಮನೆ ರೆಡಿ ಅಂತ ಹೇಳೋಕಾಗಲ್ಲ. 2024ರ ಅಕ್ಟೋಬರ್‌ನಿಂದ ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ಕಂಪ್ಯೂಟರಲ್ಲಿ ಕೊಡೋ ಖಾತೆ) ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ, ಅದಕ್ಕೆ ಗಿರಾಕಿ ಬರೋಕೆ ಮುಂಚೆನೇ ಪಾಲಿಕೇಲಿ ಅರ್ಜಿ ಹಾಕಿ ಮಾಡಿಸಿಟ್ಕೊಂಡ್ವಿ. ಡ್ರಾಫ್ಟ್ ಬಂದಾಗ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಅಳತೆ, ಹೆಸರಿನ ಅಕ್ಷರ ಎಲ್ಲಾ ಕ್ರಯಪತ್ರದ ಪಕ್ಕ ಇಟ್ಕೊಂಡು ಒಂದೊಂದೇ ಸಾಲು ಓದಿ. ಸರ್ಕಾರದ ಕಾವೇರಿ ಪೋರ್ಟಲಲ್ಲಿ ತೆಗೆದ ಇ.ಸಿ (ಆಸ್ತಿ ಮೇಲೆ ಸಾಲ, ಹಳೇ ವಹಿವಾಟು ಏನಿದೆ ಅಂತ ತೋರಿಸೋ ಪತ್ರ), ಕಂದಾಯದ ರಸೀದಿಗಳು, ಪ್ಲಾನ್ ಅಪ್ರೂವಲ್, ಮೂಲಪತ್ರ ಇಷ್ಟರದ್ದೂ ಜೆರಾಕ್ಸ್ ಸೆಟ್ ಮಾಡಿ ಫೈಲಲ್ಲಿ ಇಟ್ಟಿದ್ದೆ, ಇಷ್ಟ ಆಯ್ತು ಅಂದವರಿಗೆ ಅಲ್ಲೇ ಒಂದು ಸೆಟ್ ಕೊಟ್ಟು ನಿಮ್ ಲಾಯರ್ ಹತ್ರ ತೋರಿಸಿ ಅಂತಿದ್ದೆ. ರೇಟ್ ಮಾತಾಡೋವಾಗ ಅವರ ಕಡೆಯ ಖರ್ಚೂ ತಲೇಲಿರಲಿ, ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೇಲಿ 1% ಇಂದ 2% ಆಯ್ತು, ಸ್ಟಾಂಪ್ ಡ್ಯೂಟಿ ಸೆಸ್ಸು ಎಲ್ಲಾ ಸೇರಿ ಹತ್ತಿರ ಹತ್ತಿರ 7.6% ಆಗುತ್ತೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ತಗೊಳ್ಳೋರು ನಮಗೆ ಕೊಡೋ ದುಡ್ಡಲ್ಲಿ 1% ಟಿಡಿಎಸ್ (ಆದಾಯ ತೆರಿಗೆ) ಹಿಡಿದು ಕಟ್ಟಬೇಕು.

ತಗೊಂಡವರು ದಿನಾ ಟ್ರೈನಲ್ಲಿ ಬೆಂಗಳೂರಿಗೆ ಓಡಾಡೋ ಹುಡುಗ, ಜೊತೇಲಿ ಬಂದ ಅವರ ಮಾವ ಟೆರೇಸ್ ಹತ್ತಿ ಪೈಪಿನ ಬಾಯಿ ಹತ್ರ ಕೂತು ಬೆರಳಲ್ಲಿ ಗೀರಿ ನೋಡಿ "ಕೆಲಸ ಗಟ್ಟಿಯಾಗಿದೆ" ಅಂದ್ರು. ಚೌಕಾಸಿ ಮಾಡಿದ್ರು, ಮಾಡ್ದೆ ಇರ್ತಾರಾ, ಆದ್ರೆ ರಿಪೇರಿ ಹೆಸರಲ್ಲಿ ಒಂದು ರೂಪಾಯೀನೂ ಇಳಿಸಿ ಅಂತ ಕೇಳಲಿಲ್ಲ. ಅಗ್ರಿಮೆಂಟ್ ದಿನ ಬೋರ್ ಮೋಟರ್ ಬಿಲ್ಲು, ಟೆರೇಸ್ ಕೆಲಸದ ಫೋಟೋ, ಬೆಸ್ಕಾಂ ಆರ್.ಆರ್ ನಂಬರಿನ ಕೊನೇ ಕರೆಂಟ್ ಬಿಲ್ಲು ಮತ್ತೆ ಆ ಗಾರೆ ಮೇಸ್ತ್ರಿ ಫೋನ್ ನಂಬರ್ ಎಲ್ಲಾ ಅವರಿಗೇ ಕೊಟ್ಟೆ.